ಕೆಲಸ ಯಾರದು, ಹೆಸರು ಯಾರದು: ಶೈಲಜಾ ಟೀಚರ್ ಮಂತ್ರಿಯಾಗಿದ್ದ ಐದು ವರ್ಷ

2019ರ ಏಪ್ರಿಲ್ 16ರಂದು ಮಂಗಳೂರಿನಿಂದ ಒಂದು ಆಂಬುಲೆನ್ಸ್ ಹೊರಟಿತು. ನಿಮ್ಮಲ್ಲಿ ಕೆಲವರಾದರೂ ಅದರ ಓಟವನ್ನು ಮೊಬೈಲಿನಲ್ಲಿ ನೇರಪ್ರಸಾರವಾಗಿ ನೋಡಿರುತ್ತೀರಿ. ಒಳಗಿದ್ದದ್ದು ಹುಟ್ಟಿ 15 ದಿನವಾಗಿದ್ದ, ಹೃದಯದಲ್ಲಿ ದೋಷವಿದ್ದ ಕೂಸು. ತಂದೆ ತಾಯಿ ಕಾಸರಗೋಡಿನ ಕಡೆಯವರು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಗೆ ಒಯ್ಯಬೇಕೆಂದು ಮೊದಲು ಹೊರಟದ್ದು. ದಾರಿಯುದ್ದಕ್ಕೂ ಪೊಲೀಸರೂ ಊರೂರಿನ ಹುಡುಗರೂ ವಾಹನಗಳನ್ನು ಬದಿಗೆ ಸರಿಸಿ ರಸ್ತೆ ಬಿಡಿಸುತ್ತಿದ್ದರು. ಅಷ್ಟರಲ್ಲಿ ಕೇರಳದ ಆರೋಗ್ಯ ಮಂತ್ರಿ ಕೆ.ಕೆ. ಶೈಲಜಾ ಅವರ ಕಡೆಯಿಂದ ಸೂಚನೆ ಬಂತು: ಅಷ್ಟು ದೂರ ಹೋಗುವುದು ಬೇಡ, ಕೊಚ್ಚಿಯ ಅಮೃತಾ ಆಸ್ಪತ್ರೆಗೇ ಕರೆತನ್ನಿ, ಅಲ್ಲಿ ಸಿದ್ಧತೆ ಆಗಿದೆ, ಖರ್ಚು ಸರ್ಕಾರ ನೋಡಿಕೊಳ್ಳುತ್ತದೆ. ಸುಮಾರು 400 ಕಿಲೋಮೀಟರ್ ದಾರಿಯನ್ನು ಐದೂವರೆ ಗಂಟೆಯಲ್ಲಿ ಮುಗಿಸಿ ಆಂಬುಲೆನ್ಸ್ ಕೊಚ್ಚಿ ಸೇರಿತು. ಶಸ್ತ್ರಚಿಕಿತ್ಸೆಯೂ ಆಯಿತು.

ಮರುದಿನ ಪತ್ರಿಕೆಗಳು ಚಾಲಕನನ್ನು ಹೊಗಳಿದವು, ಮಂತ್ರಿಯನ್ನು ಹೊಗಳಿದವು. ಹೊಗಳಬೇಕಾದದ್ದೇ. ಆದರೆ ಆ ಸುದ್ದಿಯ ಅಡಿಯಲ್ಲಿ ಎರಡು ಸಂಗತಿಗಳಿದ್ದವು, ಅವುಗಳ ಕಡೆ ಯಾರೂ ಹೆಚ್ಚು ನೋಡಲಿಲ್ಲ. ಒಂದು, ಮಂತ್ರಿ ಆ ದಿನ ಹೊಸದಾಗಿ ಏನನ್ನೂ ಮಂಜೂರು ಮಾಡಬೇಕಾಗಿರಲಿಲ್ಲ. ಹುಟ್ಟಿನಿಂದಲೇ ಹೃದಯದೋಷವಿರುವ ಮಕ್ಕಳಿಗಾಗಿ ‘ಹೃದ್ಯಂ’ ಎಂಬ ಯೋಜನೆ ಮೊದಲೇ ಇತ್ತು. ಮಗುವಿನ ಹೆಸರನ್ನು ಅಂತರ್ಜಾಲದಲ್ಲಿ ನೋಂದಾಯಿಸಿದರೆ ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದೆ, ಯಾವ ಮಗುವಿನದು ತುರ್ತು ಎಂದು ನೋಡಿ ಹಂಚುವ ಏರ್ಪಾಡು ಅದು. ಸರ್ಕಾರಿ ಆಸ್ಪತ್ರೆಯಲ್ಲಿ ಜಾಗವಿಲ್ಲದಿದ್ದರೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆ. ಎರಡನೆಯ ಸಂಗತಿ ಅಷ್ಟು ಸುಖದ್ದಲ್ಲ. ಆ ಮಗು ಮಂಗಳೂರಿನಲ್ಲಿ ಇದ್ದದ್ದಾದರೂ ಏಕೆ? ದೇಶವೆಲ್ಲ ಮಾದರಿ ಎಂದು ಕೊಂಡಾಡುವ ಕೇರಳದ ಉತ್ತರ ತುದಿಯ ಜಿಲ್ಲೆಯಲ್ಲಿ ಅಂಥ ಚಿಕಿತ್ಸೆಗೆ ಆಸ್ಪತ್ರೆ ಇರಲಿಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ಕೆ.ಕೆ. ಶೈಲಜಾ ಹುಟ್ಟಿದ್ದು 1956ರಲ್ಲಿ, ಕಣ್ಣೂರು ಜಿಲ್ಲೆಯಲ್ಲಿ. ಮನೆಯೇ ಕಮ್ಯುನಿಸ್ಟ್ ಮನೆ. ಸಿಡುಬು ಬಂದವರ ಹತ್ತಿರ ಸುಳಿಯಲೂ ಜನ ಹೆದರುತ್ತಿದ್ದ ಕಾಲದಲ್ಲಿ ಅಂಥವರ ಆರೈಕೆಗೆ ಹೋಗುತ್ತಿದ್ದ ತಮ್ಮ ಅಜ್ಜಿಯ ಬಗ್ಗೆ ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಶಿವಪುರಂ ಹೈಸ್ಕೂಲಿನಲ್ಲಿ ವಿಜ್ಞಾನದ ಅಧ್ಯಾಪಕಿಯಾಗಿದ್ದರು. ಜೊತೆಜೊತೆಗೇ ಸಿಪಿಎಂ ಪಕ್ಷದ ಕೆಲಸ. 2004ರಲ್ಲಿ ನೌಕರಿ ಬಿಟ್ಟು ಪೂರ್ಣಾವಧಿ ರಾಜಕೀಯಕ್ಕೆ ಬಂದರು. ಇವತ್ತಿಗೂ ಕೇರಳದಲ್ಲಿ ಅವರನ್ನು ಬರೀ ಹೆಸರು ಹಿಡಿದು ಕರೆಯುವವರು ಕಡಿಮೆ. ಶೈಲಜಾ ಟೀಚರ್, ಅಷ್ಟೇ.

ಅವರು ಮೊದಲು ಶಾಸಕಿಯಾದದ್ದು 1996ರಲ್ಲಿ, ಕೂತುಪರಂಬ ಕ್ಷೇತ್ರದಿಂದ. ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಸಹಿಸಿಕೊಳ್ಳಿ. ಕೂತುಪರಂಬ ಎಂದರೆ ಕಣ್ಣೂರಿನವರಿಗೆ ಮೊದಲು ನೆನಪಾಗುವುದು 1994ರ ನವೆಂಬರ್ 25. ಆ ದಿನ ಸಹಕಾರ ಸಚಿವ ಎಂ.ವಿ. ರಾಘವನ್ ಅವರಿಗೆ ಕಪ್ಪು ಬಾವುಟ ತೋರಿಸಲು ನೆರೆದಿದ್ದ, ಸಿಪಿಎಂನ ಯುವ ಸಂಘಟನೆಯಾದ ಡಿವೈಎಫ್‌ಐ ಕಾರ್ಯಕರ್ತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಐದು ಮಂದಿ ಯುವಕರು ಸತ್ತರು. ಜಗಳ ಶಿಕ್ಷಣದ ಖಾಸಗೀಕರಣದ್ದು, ಅದರ ನಡುಮಧ್ಯದಲ್ಲಿದ್ದದ್ದು ರಾಘವನ್ ಮುಂದೆ ನಿಂತು ಕಟ್ಟಿದ ಪರಿಯಾರಂ ವೈದ್ಯಕೀಯ ಕಾಲೇಜು. ಈ ರಾಘವನ್ ಒಂದು ಕಾಲದಲ್ಲಿ ಅದೇ ಪಕ್ಷದ ದೊಡ್ಡ ನಾಯಕರು, ಆಮೇಲೆ ಉಚ್ಚಾಟಿತರು. ಆ ನೆತ್ತರು ಇನ್ನೂ ಹಸಿಯಾಗಿದ್ದಾಗ ಶೈಲಜಾ ಅಲ್ಲಿಂದ ಗೆದ್ದರು. ಎರಡು ದಶಕ ಕಳೆದ ಮೇಲೆ ಅದೇ ಪರಿಯಾರಂ ಕಾಲೇಜನ್ನು ಸರ್ಕಾರ ಪೂರ್ತಿಯಾಗಿ ತನ್ನ ವಶಕ್ಕೆ ತೆಗೆದುಕೊಂಡಿತು. ಆಗ ಆರೋಗ್ಯ ಮಂತ್ರಿ ಇವರೇ. ಕೋವಿಡ್ ಬಂದಾಗ ಕಾಸರಗೋಡಿನ ರೋಗಿಗಳಿಗೆ ಅದೇ ಆಸ್ಪತ್ರೆ ಆಸರೆಯಾಯಿತು. ರಾಜಕೀಯದಲ್ಲಿ ಇಂಥ ತಿರುವುಗಳು ಸಿಗುತ್ತವೆ, ಯಾರೂ ಯೋಜಿಸಿದ್ದಲ್ಲ.

2006ರಲ್ಲಿ ಪೇರಾವೂರಿನಿಂದ ಗೆದ್ದರು, 2011ರಲ್ಲಿ ಅಲ್ಲೇ ಸೋತರು. 2016ರಲ್ಲಿ ಮರಳಿ ಕೂತುಪರಂಬಕ್ಕೆ ಬಂದು, ಅಧಿಕಾರದಲ್ಲಿದ್ದ ಕೃಷಿ ಸಚಿವರನ್ನು ಸೋಲಿಸಿದರು. ಆ ಮೇ 25ರಂದು ಪಿಣರಾಯಿ ವಿಜಯನ್ ಸಂಪುಟ ಪ್ರಮಾಣವಚನ ಸ್ವೀಕರಿಸಿತು. ಸಂಪುಟದಲ್ಲಿ ಇದ್ದ ಹೆಂಗಸರು ಇಬ್ಬರು, ಅವರಲ್ಲಿ ಇವರೊಬ್ಬರು. ಆರೋಗ್ಯ ಮತ್ತು ಸಾಮಾಜಿಕ ನ್ಯಾಯ ಖಾತೆಗಳು ಇವರ ಪಾಲಿಗೆ ಬಂದವು.

ಈಗ ಇಲಾಖೆಯ ಬಗ್ಗೆ. ಶೈಲಜಾ ಬರೀ ಬಯಲಿಗೆ ಬಂದವರಲ್ಲ. 1996ರಲ್ಲಿ ಶುರುವಾದ ಜನಯೋಜನೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಪಂಚಾಯಿತಿಗಳ ಉಸ್ತುವಾರಿಗೆ ಬಂದಿದ್ದವು, ಹಣವೂ ಬಂದಿತ್ತು. 1998ರಿಂದ ಕುಟುಂಬಶ್ರೀಯ ಮಹಿಳಾ ಗುಂಪುಗಳು ವಾರ್ಡುವಾರ್ಡಿನಲ್ಲಿ ಇದ್ದವು. 2016ರಲ್ಲಿ ದೇಶದ ಶಿಶುಮರಣ ದರ ಸಾವಿರಕ್ಕೆ 34 ಇದ್ದಾಗ ಕೇರಳದ್ದು 10. ಇದರಲ್ಲಿ ಯಾವುದನ್ನೂ ಅವರು ಕಟ್ಟಲಿಲ್ಲ, ಪಿತ್ರಾರ್ಜಿತವಾಗಿ ಪಡೆದರು. ಆದರೆ ಕೇರಳದ ಆರೋಗ್ಯವನ್ನು ಕೊಂಡಾಡುವವರು ಸಾಮಾನ್ಯವಾಗಿ ಬಾಯಿ ಬಿಡದ ಒಂದು ವಿಷಯವಿದೆ. ಅಲ್ಲಿನ ಜನ ಚಿಕಿತ್ಸೆಗೆ ತಮ್ಮ ಜೇಬಿನಿಂದ ಮಾಡುವ ಖರ್ಚು ದೇಶದಲ್ಲೇ ಅತಿ ಹೆಚ್ಚಿನ ಸಾಲಿನಲ್ಲಿದೆ. ಸರ್ಕಾರಿ ಆಸ್ಪತ್ರೆ ಹತ್ತಿರವೇ ಇದ್ದರೂ ಜನ ಖಾಸಗಿಗೆ ಹೋಗುತ್ತಿದ್ದರು. ಕಾರಣ ಏನೆಂದರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗ ಮಧ್ಯಾಹ್ನಕ್ಕೇ ಬಾಗಿಲು ಹಾಕಿಕೊಳ್ಳುತ್ತಿತ್ತು. ದಿನಗೂಲಿಯವನು ಬೆಳಗಿನ ಹೊತ್ತು ಸಾಲಿನಲ್ಲಿ ನಿಂತರೆ ಆ ದಿನದ ಕೂಲಿ ಹೋಯಿತು. ಆದ್ದರಿಂದ ಸಂಜೆ ಖಾಸಗಿ ಕ್ಲಿನಿಕ್ಕಿಗೆ ಹೋಗಿ ದುಡ್ಡು ಕೊಡುವುದೇ ಅವನಿಗೆ ಅಗ್ಗ.

2017ರಲ್ಲಿ ಶುರುವಾದ ‘ಆರ್ದ್ರಂ’ ಮುಟ್ಟಿದ್ದು ಈ ಜಾಗವನ್ನು. ಮೊದಲ ಹಂತದಲ್ಲಿ 170 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳೆಂದು ಬದಲಿಸಲು ಆರಿಸಿದರು. ಸಂಜೆ ಆರರವರೆಗೆ ಹೊರರೋಗಿ ವಿಭಾಗ, ಹೆಚ್ಚುವರಿ ವೈದ್ಯರು, ನರ್ಸುಗಳು, ಔಷಧಿ ಕೊಡುವವರು, ಪ್ರಯೋಗಾಲಯ. ರಕ್ತದೊತ್ತಡ, ಮಧುಮೇಹದವರ ದಾಖಲೆ ಇಟ್ಟು ತಿಂಗಳು ತಿಂಗಳು ನೋಡುವ ಏರ್ಪಾಡು. ಕಟ್ಟಡ ಕಟ್ಟಿ ರಿಬ್ಬನ್ ಕತ್ತರಿಸುವುದು ಯಾವ ಮಂತ್ರಿಗೂ ಸುಲಭ. ಹುದ್ದೆ ಸೃಷ್ಟಿಸುವುದು ಕಷ್ಟ, ಏಕೆಂದರೆ ಹುದ್ದೆ ಎಂದರೆ ಹಣಕಾಸು ಇಲಾಖೆಗೆ ಜನ್ಮವಿಡೀ ಸಂಬಳದ ಹೊರೆ, ಆಮೇಲೆ ಪಿಂಚಣಿ. ಸಾಲ ತೀರಿಸಲಾಗದೆ ಒದ್ದಾಡುವ ರಾಜ್ಯದಲ್ಲಿ ಆ ಕಡತಕ್ಕೆ ಸಹಿ ಹಾಕಿಸಿಕೊಂಡು ಬರುವ ಮಂತ್ರಿಯ ಫೋಟೊ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ನನ್ನ ಲೆಕ್ಕದಲ್ಲಿ ಶೈಲಜಾ ಅವರ ದೊಡ್ಡ ಕೆಲಸ ಇದೇ, ನಿಪಾ ರೋಗವನ್ನು ಎದುರಿಸಿದ್ದು ಕೂಡ ಇದರ ಮುಂದೆ ಎರಡನೆಯದು.

ನಿಪಾ 2018ರ ಮೇ ತಿಂಗಳಲ್ಲಿ ಬಂತು. ಕೋಯಿಕ್ಕೋಡ್ ಜಿಲ್ಲೆಯ ಪೇರಾಂಬ್ರದ ಹತ್ತಿರದ ಚಂಗರೋತ್ ಎಂಬ ಊರು. ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಜ್ವರ ಬಂದು ಸತ್ತರು. ಎರಡನೆಯವನನ್ನು ನೋಡಿದ ಕೋಯಿಕ್ಕೋಡಿನ ಖಾಸಗಿ ಆಸ್ಪತ್ರೆಯ ವೈದ್ಯರಿಗೆ ಇದು ಮಾಮೂಲಿ ಮಿದುಳು ಜ್ವರದಂತೆ ಕಾಣಲಿಲ್ಲ. ಮಾದರಿಗಳನ್ನು ಎಲ್ಲಿಗೆ ಕಳಿಸಿದರು ಗೊತ್ತೇ? ನಮ್ಮ ಮಣಿಪಾಲಕ್ಕೆ. ಅಲ್ಲಿನ ವೈರಾಣು ಸಂಶೋಧನಾ ಕೇಂದ್ರ ಗುರುತು ಹಿಡಿಯಿತು, ಪುಣೆಯ ರಾಷ್ಟ್ರೀಯ ಸಂಸ್ಥೆ ಖಚಿತಪಡಿಸಿತು. ಕೇರಳ ನಿಪಾವನ್ನು ಅಷ್ಟು ಬೇಗ ಹಿಡಿದದ್ದರಲ್ಲಿ ಉಡುಪಿ ಜಿಲ್ಲೆಯ ಪಾಲೂ ಇದೆ.

ಸರ್ಕಾರಿ ಲೆಕ್ಕದಲ್ಲಿ ಸತ್ತವರು 17 ಮಂದಿ. ಸೋಂಕು ತಗುಲಿ ಬದುಕಿದವರು ಇಬ್ಬರೇ. ಎಷ್ಟು ಭೀಕರ ರೋಗ ಎಂಬುದು ಅಷ್ಟರಿಂದಲೇ ತಿಳಿಯುತ್ತದೆ. ಆಮೇಲೆ ಹಿಂದಕ್ಕೆ ಜಾಡು ಹಿಡಿದು ನೋಡಿದಾಗ ಗೊತ್ತಾದದ್ದು ಇನ್ನೂ ಇರಿಸುಮುರಿಸಿನದು. ಬಹುಪಾಲು ಜನರಿಗೆ ಸೋಂಕು ತಗುಲಿದ್ದು ಆಸ್ಪತ್ರೆಯಲ್ಲಿಯೇ. ಮೊದಲ ರೋಗಿಯನ್ನು ಸ್ಕ್ಯಾನ್ ಮಾಡಿಸಲು ಕೋಯಿಕ್ಕೋಡ್ ವೈದ್ಯಕೀಯ ಕಾಲೇಜಿನ ಓಣಿಯಲ್ಲಿ ಕಾಯಿಸಿದ್ದರು. ಬೇರೆ ಬೇರೆ ಕಾರಣಕ್ಕೆ ಅಲ್ಲಿ ಬಂದು ನಿಂತಿದ್ದವರು ಅವನ ಕೆಮ್ಮಿನ ಹಾದಿಯಲ್ಲಿದ್ದರು, ಅಷ್ಟೇ. ಪೇರಾಂಬ್ರ ತಾಲೂಕು ಆಸ್ಪತ್ರೆಯಲ್ಲಿ ಅವನನ್ನು ನೋಡಿಕೊಂಡ ನರ್ಸ್ ಲಿನಿ ಮೇ 21ರಂದು ತೀರಿಕೊಂಡರು. ಇಬ್ಬರು ಸಣ್ಣ ಮಕ್ಕಳ ತಾಯಿ. ಸೋಂಕಿನ ಭಯಕ್ಕೆ ಶವವನ್ನು ಮನೆಗೂ ಒಯ್ಯದೆ ದಹನ ಮಾಡಿದರು.

ಬಾವಲಿಯ ಕಥೆಯೂ ಸ್ವಾರಸ್ಯವಾಗಿದೆ. ಆ ಮನೆಯವರ ಬಾವಿಯಲ್ಲಿ ಬಾವಲಿಗಳಿದ್ದವು. ಹಿಡಿದು ಪರೀಕ್ಷಿಸಿದರೆ ವೈರಾಣುವೇ ಇಲ್ಲ. ಹಾಗಾದರೆ ಬಾವಲಿಯದಲ್ಲ ಎಂದು ಸುದ್ದಿ ಹಬ್ಬಿತು. ಬಾವಿಯಲ್ಲಿದ್ದವು ಹುಳ ತಿನ್ನುವ ಜಾತಿಯವು. ನಿಪಾ ಹೊರುವುದು ಹಣ್ಣು ತಿನ್ನುವ ಬಾವಲಿ. ಅವುಗಳನ್ನು ಹಿಡಿದು ನೋಡಿದಾಗ ವೈರಾಣು ಸಿಕ್ಕಿತು. ಇಂಥ ಹೊತ್ತಿನಲ್ಲಿ ಮಂತ್ರಿಯಾದವರು ಏನು ಮಾಡಬೇಕು? ಶೈಲಜಾ ಕೋಯಿಕ್ಕೋಡಿಗೆ ಬಂದು ಕೂತರು. ಸೋಂಕಿತರ ಸಂಪರ್ಕಕ್ಕೆ ಬಂದ ಎರಡು ಸಾವಿರಕ್ಕೂ ಹೆಚ್ಚು ಜನರ ಪಟ್ಟಿ ತಯಾರಾಯಿತು, ಮನೆಮನೆಗೆ ಫೋನು ಹೋಯಿತು, ಊರು ಬಿಟ್ಟು ಹೋಗುತ್ತಿದ್ದ ಚಂಗರೋತ್‌ನ ಜನರ ನಡುವೆ ಮಂತ್ರಿ ಹೋಗಿ ನಿಂತರು. ಗೊತ್ತಿದ್ದದ್ದನ್ನು ಗೊತ್ತಿದ್ದಷ್ಟೇ ಹೇಳುತ್ತಿದ್ದರು. ಮೇಷ್ಟ್ರುಗಿರಿಯ ಅನುಭವ ಅಲ್ಲಿ ಕೈಹಿಡಿಯಿತು ಎಂದು ನನಗೆ ಅನಿಸುತ್ತದೆ. ಮುಂದಿನ ವರ್ಷ ಎರ್ನಾಕುಲಂನಲ್ಲಿ ಒಬ್ಬ ವಿದ್ಯಾರ್ಥಿಗೆ ನಿಪಾ ಬಂದಾಗ ಅದು ಒಂದೇ ಪ್ರಕರಣಕ್ಕೆ ನಿಂತಿತು, ಅವನೂ ಬದುಕಿದ.

ಕೋವಿಡ್ ವಿಷಯ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. ದೇಶದ ಮೊದಲ ಪ್ರಕರಣ ತ್ರಿಶ್ಶೂರಿನಲ್ಲಿ 2020ರ ಜನವರಿ 30ರಂದು ಪತ್ತೆಯಾಯಿತು, ವುಹಾನ್‌ನಿಂದ ಬಂದ ವೈದ್ಯಕೀಯ ವಿದ್ಯಾರ್ಥಿನಿ. ಅಷ್ಟರಲ್ಲಾಗಲೇ ಕೇರಳದಲ್ಲಿ ನಿಯಂತ್ರಣ ಕೊಠಡಿ ತೆರೆದಾಗಿತ್ತು. ಮಾರ್ಚ್‌ನಲ್ಲಿ ಇಟಲಿಯಿಂದ ರಾನ್ನಿಗೆ ಬಂದ ಕುಟುಂಬದಿಂದ ಎರಡನೆಯ ಸುತ್ತು. ಆ ಮನೆಯ 93 ವರ್ಷದ ಅಜ್ಜ, 88 ವರ್ಷದ ಅಜ್ಜಿ ಇಬ್ಬರೂ ಕೋಟ್ಟಯಂ ವೈದ್ಯಕೀಯ ಕಾಲೇಜಿನಿಂದ ಗುಣವಾಗಿ ಮನೆಗೆ ಹೋದರು. ವಿದೇಶಿ ಪತ್ರಿಕೆಗಳು ಶೈಲಜಾ ಅವರನ್ನು ಹುಡುಕಿಕೊಂಡು ಬಂದವು. ಜೂನ್ 23ರಂದು ವಿಶ್ವಸಂಸ್ಥೆಯ ಸಾರ್ವಜನಿಕ ಸೇವಾ ದಿನದ ಗೋಷ್ಠಿಯಲ್ಲಿ ಅವರು ಮಾತನಾಡಿದರು.

ಆ ದಿನಗಳಲ್ಲಿ ಒಂದು ಸಣ್ಣ ಬದಲಾವಣೆ ಆಯಿತು, ಗಮನಿಸಿದವರು ಗಮನಿಸಿದರು. ಮೊದಮೊದಲು ದಿನದ ಅಂಕಿಅಂಶಗಳನ್ನು ಪತ್ರಕರ್ತರ ಮುಂದೆ ಓದುತ್ತಿದ್ದದ್ದು ಆರೋಗ್ಯ ಮಂತ್ರಿ. ಮಾರ್ಚ್‌ನಲ್ಲಿ ಆ ಕುರ್ಚಿಗೆ ಮುಖ್ಯಮಂತ್ರಿ ಬಂದರು. ಶೈಲಜಾ ಮುಖಗವಸು ಹಾಕಿಕೊಂಡು ಪಕ್ಕದಲ್ಲಿ ಕೂತಿರುತ್ತಿದ್ದರು. ಇಡೀ ಸರ್ಕಾರ ಕೆಲಸಕ್ಕಿಳಿದಾಗ ಮುಖ್ಯಮಂತ್ರಿಯೇ ಮಾತನಾಡುವುದು ಸರಿ ಎನ್ನಬಹುದು. ಒಪ್ಪುತ್ತೇನೆ. ಆದರೂ ಯಾರ ಹೆಸರು ಎಷ್ಟು ಬೆಳೆಯಬೇಕು ಎಂಬ ಲೆಕ್ಕ ಆಗಲೇ ಶುರುವಾಗಿತ್ತು. ವಿರೋಧ ಪಕ್ಷದ ಕಡೆಯಿಂದಲೂ ಅದೇ ಚಿಂತೆ. ಕೇರಳ ಪ್ರದೇಶ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಮುಲ್ಲಪ್ಪಳ್ಳಿ ರಾಮಚಂದ್ರನ್, ಈಕೆ ‘ನಿಪಾ ರಾಜಕುಮಾರಿ’, ‘ಕೋವಿಡ್ ರಾಣಿ’ ಎನಿಸಿಕೊಳ್ಳಲು ಹೊರಟಿದ್ದಾರೆಂದು ಲೇವಡಿ ಮಾಡಿ ಕೈ ಸುಟ್ಟುಕೊಂಡರು. ಮಂತ್ರಿಯ ಪರವಾಗಿ ಎದ್ದು ನಿಂತವರಲ್ಲಿ ನರ್ಸ್ ಲಿನಿಯ ಗಂಡನೂ ಒಬ್ಬರು.

ಈಗ ಕಾಸರಗೋಡಿಗೆ ಬರೋಣ. 2020ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ತಲಪಾಡಿಯ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದದ್ದನ್ನು ನೀವು ನೋಡಿದ್ದೀರಿ. ಹೃದ್ರೋಗಕ್ಕೆ, ಮೂತ್ರಪಿಂಡದ ಕಾಯಿಲೆಗೆ ತಲೆಮಾರುಗಳಿಂದ ಮಂಗಳೂರಿಗೇ ಬರುತ್ತಿದ್ದ ಜನ ಗಡಿಯಲ್ಲಿ ನಿಂತರು. ಚಿಕಿತ್ಸೆ ಸಿಗದೆ ಹಲವರು ಸತ್ತರು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ರಸ್ತೆ ತೆರವುಗೊಳಿಸಲು ಕೇಂದ್ರಕ್ಕೆ ಸೂಚಿಸಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕರ್ನಾಟಕ ಮಾಡಿದ್ದು ಅಮಾನವೀಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕೇರಳವನ್ನೂ ಕೇಳಬೇಕಲ್ಲವೇ? ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಶಂಕುಸ್ಥಾಪನೆಯಾದದ್ದು 2013ರಲ್ಲಿ, ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ. ಅದು ಹಾಗೇ ಕುಂಟುತ್ತ ಇತ್ತು. ಶೈಲಜಾ ಮಂತ್ರಿಯಾಗಿ ನಾಲ್ಕು ವರ್ಷ ಕಳೆಯುತ್ತ ಬಂದಿತ್ತು. ಗಡಿ ಮುಚ್ಚಿದ ಮೇಲೆ, ಏಪ್ರಿಲ್‌ನಲ್ಲಿ, ಕೆಲವೇ ದಿನಗಳಲ್ಲಿ ಆ ಕಟ್ಟಡವನ್ನು ಕೋವಿಡ್ ಆಸ್ಪತ್ರೆ ಮಾಡಿದರು. ಅಷ್ಟು ಬೇಗ ಮಾಡಲು ಬರುತ್ತಿದ್ದರೆ ಅಷ್ಟು ವರ್ಷ ಏಕೆ ಆಗಲಿಲ್ಲ ಎಂದು ಅಲ್ಲಿನವರು ಕೇಳಿದರು. ಅದಕ್ಕೂ ಹಿಂದೆ, 2019ರ ಆರಂಭದಲ್ಲಿ, ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತರಾದ ಮಕ್ಕಳ ತಾಯಂದಿರು ತಿರುವನಂತಪುರದ ಸಚಿವಾಲಯದ ಮುಂದೆ ಧರಣಿ ಕೂತಿದ್ದರು. ಸಾಮಾಜಿಕ ನ್ಯಾಯ ಖಾತೆ ಇವರದೇ ಆಗಿತ್ತು. ಗೋಡಂಬಿ ತೋಟಗಳ ಮೇಲೆ ವಿಷ ಸುರಿದದ್ದು ಇವರಲ್ಲ, ನಿಜ. ಆದರೆ ಪರಿಹಾರಕ್ಕಾಗಿ ತಾಯಂದಿರು ರಾಜ್ಯದ ಇನ್ನೊಂದು ತುದಿಯವರೆಗೆ ರೈಲು ಹತ್ತಬೇಕಾಗಿ ಬಂದದ್ದು ಇವರ ಕಾಲದಲ್ಲಿ. ಕೇರಳ ಮಾದರಿ ತೆಂಕಣದಿಂದ ಬಡಗಕ್ಕೆ ಬರುತ್ತ ತೆಳ್ಳಗಾಗುತ್ತದೆ, ಶೈಲಜಾ ಅದನ್ನು ಬದಲಿಸಲಿಲ್ಲ.

ಇನ್ನೆರಡು ಆಕ್ಷೇಪಗಳಿವೆ. ಒಂದು ಸಾವಿನ ಲೆಕ್ಕ. ಕೋವಿಡ್ ಸಾವುಗಳನ್ನು ಬಿಗಿಯಾದ ಮಾನದಂಡ ಹಿಡಿದು ಕಡಿಮೆ ತೋರಿಸುತ್ತಿದ್ದಾರೆಂದು ಪತ್ರಿಕಾ ವರದಿಗಳಿಂದ ಸ್ವಂತ ಪಟ್ಟಿ ಮಾಡುತ್ತಿದ್ದ ಸ್ವಯಂಸೇವಕರು 2020ರಲ್ಲೇ ಹೇಳಿದ್ದರು. 2021ರ ಕೊನೆಯಲ್ಲಿ, ಪರಿಹಾರಕ್ಕೆ ಹೊಸ ಮಾರ್ಗಸೂಚಿ ಬಂದ ಮೇಲೆ, ಸಾವಿರಾರು ಹಳೆಯ ಸಾವುಗಳು ಪಟ್ಟಿಗೆ ಸೇರಿದವು. ಅದೇ ಹೊತ್ತಿಗೆ ಇನ್ನೊಂದು ಅಂಕಿಯನ್ನೂ ಇಡಬೇಕು. 2021ರ ಮಧ್ಯದ ಐಸಿಎಂಆರ್ ರಕ್ತಪರೀಕ್ಷೆ ಸಮೀಕ್ಷೆಯಲ್ಲಿ ದೇಶದ ಶೇ 67ಕ್ಕಿಂತ ಹೆಚ್ಚು ಜನರಲ್ಲಿ ಪ್ರತಿಕಾಯ ಇತ್ತು. ಕೇರಳದಲ್ಲಿ ಶೇ 44ರಷ್ಟು, ಸಮೀಕ್ಷೆ ನಡೆದ ರಾಜ್ಯಗಳಲ್ಲೇ ಕನಿಷ್ಠ. ರೋಗ ಹರಡುವುದನ್ನು ತಡೆದದ್ದು ಸುಳ್ಳಲ್ಲ. ಎರಡನೆಯದು ಪಿಪಿಇ ಕಿಟ್ ಖರೀದಿ. 2020ರ ಮಾರ್ಚ್‌ನಲ್ಲಿ ಒಂದು ಸಂಸ್ಥೆಯಿಂದ ಕಿಟ್ಟಿಗೆ 1,550 ರೂಪಾಯಿಯಂತೆ ಕೊಂಡರು. ಬೇರೆಡೆ ಅದರ ಮೂರನೆಯ ಒಂದು ಭಾಗದಷ್ಟು ಬೆಲೆಗೂ ಸಿಗುತ್ತಿತ್ತು. ಇದರಿಂದ 10.23 ಕೋಟಿ ರೂಪಾಯಿ ಹೆಚ್ಚುವರಿ ಹೊರೆಯಾಯಿತೆಂದು 2025ರ ಜನವರಿಯಲ್ಲಿ ಮಂಡನೆಯಾದ ಸಿಎಜಿ ವರದಿ ಹೇಳಿತು. ಕಿಟ್ಟೇ ಸಿಗದ ಹೊತ್ತಿನಲ್ಲಿ ಬೆಲೆ ನೋಡುತ್ತ ಕೂರುವಂತಿರಲಿಲ್ಲ ಎಂಬುದು ಶೈಲಜಾ ಅವರ ಸಮರ್ಥನೆ. ತುರ್ತು ಇದ್ದದ್ದು ನಿಜ. ತುರ್ತಿನ ಹೆಸರಿನಲ್ಲಿ ಕಡತ ಹೇಗೆ ಓಡಿತು ಎಂದು ಕೇಳುವುದು ಲೆಕ್ಕಪರಿಶೋಧಕರ ಕೆಲಸ, ಅವರು ಕೇಳಿದ್ದಾರೆ. ಇದನ್ನು ಬರೀ ರಾಜಕೀಯ ಎಂದು ಕೊಡವಿ ಹಾಕುವವರ ಜೊತೆ ನಾನಿಲ್ಲ.

2021ರ ಮೇ 2ರಂದು ಚುನಾವಣೆಯ ಫಲಿತಾಂಶ ಬಂತು. ಮಟ್ಟನ್ನೂರಿನಿಂದ ಶೈಲಜಾ 60,963 ಮತಗಳ ಅಂತರದಲ್ಲಿ ಗೆದ್ದರು. ಕೇರಳ ವಿಧಾನಸಭೆಯ ಚರಿತ್ರೆಯಲ್ಲಿ ಅಷ್ಟು ದೊಡ್ಡ ಅಂತರ ಅದುವರೆಗೆ ಯಾರಿಗೂ ಬಂದಿರಲಿಲ್ಲ. ಮೇ 18ರಂದು ಪಕ್ಷ ಸಂಪುಟದ ಪಟ್ಟಿ ಪ್ರಕಟಿಸಿತು. ಅದರಲ್ಲಿ ಅವರ ಹೆಸರಿರಲಿಲ್ಲ. ಮುಖ್ಯಮಂತ್ರಿಯೊಬ್ಬರನ್ನು ಬಿಟ್ಟು ಹಿಂದಿನ ಸಂಪುಟದಲ್ಲಿದ್ದ ಪಕ್ಷದ ಮಂತ್ರಿಗಳು ಯಾರೂ ಅದರಲ್ಲಿರಲಿಲ್ಲ. ಆರೋಗ್ಯ ಖಾತೆ ಪತ್ರಕರ್ತೆಯಾಗಿದ್ದ ವೀಣಾ ಜಾರ್ಜ್ ಅವರಿಗೆ. ಶೈಲಜಾ ಅವರಿಗೆ ಸಿಕ್ಕಿದ್ದು ಪಕ್ಷದ ಸಚೇತಕ ಸ್ಥಾನ.

ಪಟ್ಟಿ ಬರುವ ಒಂದು ವಾರ ಮೊದಲು, ಮೇ 11ರಂದು, ಕೆ.ಆರ್. ಗೌರಿಯಮ್ಮ ತೀರಿಕೊಂಡಿದ್ದರು, 101 ವರ್ಷ. 1957ರ ಮೊದಲ ಕಮ್ಯುನಿಸ್ಟ್ ಸರ್ಕಾರದ ಕಂದಾಯ ಮಂತ್ರಿ. 1987ರ ಚುನಾವಣೆಯಲ್ಲಿ ಗೌರಿಯೇ ಮುಖ್ಯಮಂತ್ರಿ ಎಂಬ ಘೋಷಣೆ ಊರೂರು ಕೇಳಿತ್ತು. ಗೆದ್ದ ಮೇಲೆ ಮುಖ್ಯಮಂತ್ರಿಯಾದದ್ದು ಇ.ಕೆ. ನಾಯನಾರ್. ಗೌರಿಯಮ್ಮನನ್ನು ಪಕ್ಷ 1994ರಲ್ಲಿ ಉಚ್ಚಾಟಿಸಿತು. ಹೋಲಿಕೆ ಯಾರೂ ಎಳೆದು ತರಬೇಕಾಗಿರಲಿಲ್ಲ, ಎಲ್ಲರ ಬಾಯಲ್ಲೂ ಇತ್ತು. ಆದರೆ ಶೈಲಜಾ ಗೌರಿಯಮ್ಮನಂತೆ ಸಿಡಿದು ಹೊರಗೆ ಬರಲಿಲ್ಲ. ಪಕ್ಷದ ತೀರ್ಮಾನ ಸರಿ ಎಂದರು. ಮುಂದಿನ ವರ್ಷ ಮ್ಯಾಗ್ಸೆಸೆ ಪ್ರಶಸ್ತಿ ಬರುವುದಿತ್ತು. ಪಕ್ಷದೊಂದಿಗೆ ಚರ್ಚಿಸಿ ಅದನ್ನೂ ಬೇಡವೆಂದರು. ಕೆಲಸ ಎಲ್ಲರದು, ಪ್ರಶಸ್ತಿ ಒಬ್ಬರಿಗೆ ಬೇಡ ಎಂಬುದು ಒಂದು ಕಾರಣ. ಫಿಲಿಪ್ಪೀನ್ಸ್‌ನಲ್ಲಿ ಕಮ್ಯುನಿಸ್ಟರನ್ನು ಹತ್ತಿಕ್ಕಿದವರ ಹೆಸರಿನ ಪ್ರಶಸ್ತಿ ಎಂಬುದು ಇನ್ನೊಂದು.

ನನ್ನ ಅಭಿಪ್ರಾಯ ಕೇಳಿದರೆ, ಎಲ್ಲರೂ ಹೊಸಬರಾಗಲಿ ಎಂಬ ನಿಯಮಕ್ಕೆ ಒಂದು ಘನತೆ ಇದೆ. ಹಾಗೇ ಹಣಕಾಸು ಸಚಿವರಾಗಿದ್ದ ಥಾಮಸ್ ಐಸಾಕ್ ಅವರಿಗೆ ಟಿಕೆಟ್ಟೇ ಸಿಗಲಿಲ್ಲ, ಅವರೂ ತುಟಿ ಬಿಚ್ಚಲಿಲ್ಲ. ಆದರೆ ನಿಯಮಕ್ಕೆ ಒಬ್ಬರು ಹೊರತಾಗಿದ್ದರೆ, ಆ ಒಬ್ಬರು ಪಟ್ಟಿ ಮಾಡುವವರಲ್ಲಿ ಎಲ್ಲರಿಗಿಂತ ದೊಡ್ಡವರಾಗಿದ್ದರೆ, ಅದನ್ನು ಸಾಮೂಹಿಕತೆ ಎಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಎರಡನೆಯ ಅಲೆ ಕೇರಳದಲ್ಲಿ ಇನ್ನೂ ಜೋರಾಗಿದ್ದ ವಾರದಲ್ಲಿ ಆರೋಗ್ಯ ಮಂತ್ರಿಯನ್ನು ಬದಲಿಸಿದ್ದು ಇನ್ನೊಂದು ಮಾತು.

ಇದಕ್ಕೆ ಪಕ್ಷದವರ ಹತ್ತಿರ ಉತ್ತರವಿದೆ, ಮತ್ತು ಅದು ಹಗುರವಾದ ಉತ್ತರವಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕೋಯಿಕ್ಕೋಡಿಗೆ ನಿಪಾ ಮತ್ತೆ ಬಂತು. ಆರು ಮಂದಿಗೆ ಸೋಂಕು, ಇಬ್ಬರು ಸತ್ತರು, ನಾಲ್ವರು ಬದುಕಿದರು, ಅವರಲ್ಲಿ ಒಬ್ಬ ಒಂಬತ್ತು ವರ್ಷದ ಹುಡುಗ. ಪಟ್ಟಿ ಮಾಡುವುದು, ಫೋನು ಮಾಡುವುದು, ಊರು ಮುಚ್ಚುವುದು, ತೆರೆಯುವುದು, ಎಲ್ಲವೂ 2018ರಲ್ಲಿ ಕಲಿತ ಕ್ರಮದಲ್ಲೇ ನಡೆಯಿತು. ಮಂತ್ರಿ ಬೇರೆ. ನೋಡಿ, ಟೀಚರ್ ಇಲ್ಲದೆಯೂ ನಡೆಯಿತಲ್ಲ ಎನ್ನುತ್ತಾರೆ ಪಕ್ಷದವರು. ಆ ಕ್ರಮವನ್ನು ಇಲಾಖೆಗೆ ರೂಢಿ ಮಾಡಿಸಿದವರು ಯಾರು ಎಂದು ಅವರ ಅಭಿಮಾನಿಗಳು ತಿರುಗಿ ಕೇಳುತ್ತಾರೆ. ಒಂದೇ ಸಾಕ್ಷಿಯನ್ನು ಎರಡೂ ಕಡೆಯವರು ಹಿಡಿದುಕೊಂಡಿದ್ದಾರೆ. ನಾನು ಅಭಿಮಾನಿಗಳ ಕಡೆ ಒಂದು ಹೆಜ್ಜೆ ಹೆಚ್ಚು ವಾಲುತ್ತೇನೆ, ಏಕೆಂದರೆ ಸಂಜೆ ಆರರವರೆಗೆ ತೆರೆದಿರುವ ಆ ಹೊರರೋಗಿ ವಿಭಾಗದ ಹುದ್ದೆಗಳು ತಾವಾಗಿ ಹುಟ್ಟಲಿಲ್ಲ.

ಮತದಾರರ ಲೆಕ್ಕ ಮತ್ತೆ ಬೇರೆ. 2024ರ ಲೋಕಸಭೆ ಚುನಾವಣೆಯಲ್ಲಿ ಪಕ್ಷ ಅವರನ್ನು ವಡಗರದಲ್ಲಿ ನಿಲ್ಲಿಸಿತು. ಪೇರಾಂಬ್ರ ಆ ಕ್ಷೇತ್ರದೊಳಗೇ ಬರುತ್ತದೆ, ಕೂತುಪರಂಬವೂ ಬರುತ್ತದೆ. ನಿಪಾ ಕಾಲದಲ್ಲಿ ಅವರು ಬಂದು ನಿಂತ ಊರುಗಳವರೂ ಅಲ್ಲಿಯೇ ಮತ ಹಾಕಿದರು. ಕಾಂಗ್ರೆಸ್ಸಿನ ಶಾಫಿ ಪರಂಬಿಲ್ ಎದುರು ಅವರು ಒಂದು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಸೋತರು.